ಟೇಪ್ ರೆಕಾರ್ಡರಿನೊಳಗಿನ ಕುಂಕುಮ

ಅಜ್ಜಯ್ಯನ ಸ್ಪೂಲ್ ಟೇಪ್ ರೆಕಾರ್ಡರಿನ ಸದ್ದಿಗೆ ನಮ್ಮ ಕಡೆಯವರೆಲ್ಲ ಬಳಸುತ್ತಿದ್ದುದು ಒಂದೇ ಮಾತು: ಗರಗರ. ಹಾಕಿದರೆ ಗರಗರ ಅನ್ನುತ್ತದೆ, ಅದಕ್ಕೇ ಹಾಕುವುದಿಲ್ಲ. ನರಸಿಂಹರಾಜಪುರದ ಮಾವನ ಮನೆಯಲ್ಲಿ ಈ ಮಾತನ್ನು ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ. ಆ ಯಂತ್ರ ಕೊಪ್ಪದಲ್ಲಿರುವ ನನ್ನ ಬಾಡಿಗೆ ಮನೆಯ ಮೇಜಿನ ಮೇಲೆ ಬಂದು ಕೂತ ಮೇಲೆ ಗೊತ್ತಾಯಿತು, ಅದು ಒಂದು ಸದ್ದಲ್ಲ. ಕೆಳಗೆ ಒಂದೇ ಸಮನೆ ಗುಂಯ್ ಎನ್ನುವುದಿತ್ತು. ಅದರ ಮೇಲೆ, ಯಾರೋ ನಿದ್ದೆಯಲ್ಲಿ ಉಸಿರೆಳೆದ ಹಾಗೆ, ಸುಂಯ್ ಎನ್ನುವುದಿತ್ತು. ಇವುಗಳ ನಡುವೆ ಹೇಳದೆ ಕೇಳದೆ, ಕಾದ ಬಾಣಲೆಗೆ ನೀರು ಬಿದ್ದ ಹಾಗೆ ಚರಪರ ಎಂದು ಸಿಡಿಯುವುದಿತ್ತು. ಒಂದೊಂದಕ್ಕೂ ಕಾರಣ ಬೇರೆ, ಮದ್ದು ಬೇರೆ. ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದ ಯಾರೂ ಯಾವುದನ್ನೂ ಸರಿಮಾಡಲಿಲ್ಲ. ಕೇಳಿಸಿಕೊಳ್ಳುವ ಸಣ್ಣ ತೊಂದರೆಯನ್ನೂ ತೆಗೆದುಕೊಳ್ಳದವರು ಅಷ್ಟು ವರ್ಷ ಅಷ್ಟು ಖಚಿತವಾಗಿ ತೀರ್ಪು ಹೇಳಿದ್ದರು. ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದ.

ನನಗೆ ಬೇಕಾಗಿದ್ದದ್ದು ಅದರೊಳಗಿದ್ದ ದೊಡ್ಡಮ್ಮನ ಹಾಡು.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಮದುವೆಯಾಗಿ ಸ್ವಲ್ಪ ಕಾಲದಲ್ಲೇ ಗಂಡ ತೀರಿಕೊಂಡು, ಮಕ್ಕಳಿಲ್ಲದೆ, ತವರಿಗೆ ಮರಳಿದವಳು. ಅಜ್ಜಯ್ಯ ಹೋದ ಮೇಲೆ ತಮ್ಮನ ಮನೆಯ ಅಡಿಗೆಮನೆಯಲ್ಲಿ ಉಳಿದಳು. ನಮ್ಮ ಪೈಕಿ ಯಾರ ಮದುವೆಯಾದರೂ ಹಸೆಗೆ ಕರೆಯುವ ಹಾಡು ಪೂರ್ತಿ ಬರುತ್ತಿದ್ದದ್ದು ಅವಳೊಬ್ಬಳಿಗೆ. ಆದರೆ ಗಂಡ ಸತ್ತವಳು ಹಸೆಯ ಹತ್ತಿರ ಬಂದು ಹಾಡುವ ಹಾಗಿಲ್ಲ. ಅದಕ್ಕೆ ಬಾಗಿಲ ಹಿಂದೆ ನಿಂತು ಮುಂದಿನ ಸಾಲನ್ನು ಸಣ್ಣ ದನಿಯಲ್ಲಿ ಹೇಳಿಕೊಡುತ್ತಿದ್ದಳು. ಮುಂದೆ ಕೂತ ಮುತ್ತೈದೆಯರು ಅದನ್ನು ದೊಡ್ಡದಾಗಿ ಹಾಡುತ್ತಿದ್ದರು. ವಿಡಿಯೋಗಳಲ್ಲಿ ಅವರಿದ್ದಾರೆ.

ಗಂಟಲಿನ ಗಂಟು ತೆಗೆಯುವ ಆಪರೇಷನ್ ಆದ ಮೇಲೆ ಅವಳ ದನಿ ಹೋಯಿತು. ಪಿಸುಮಾತು ಮಾತ್ರ ಉಳಿಯಿತು. ಮಾವನ ಮನೆಯಲ್ಲಿ ಟೀವಿ, ಮಿಕ್ಸಿ, ಸ್ಪೀಕರಿಗೆ ಹಾಕಿದ ಫೋನು. ಪಿಸುಮಾತಿಗೆ ಅಲ್ಲಿ ಜಾಗವಿರಲಿಲ್ಲ. ನೀರು ಬೇಕಾದರೆ ಲೋಟ ಕುಟ್ಟಿ ಕರೆಯಬೇಕಿತ್ತು. ನಾನು ಕೊಪ್ಪದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ, ಒಬ್ಬಳೇ ಇದ್ದೆ, ನನ್ನ ಮನೆಯಲ್ಲಿ ಸದ್ದು ಕಡಿಮೆ. ಬಾ ಅಂದೆ, ಬಂದಳು. ಬಂದ ಮೇಲೆ ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತ ಅಂದಳು, "ಅಪ್ಪಯ್ಯನ ಟೇಪಲ್ಲಿ ನಂದೊಂದು ಹಾಡುಂಟು. ಒಂದು ಸಲ ಕೇಳ್ಬೇಕಿತ್ತು. ನನ್ನ ದನಿ ಹೆಂಗಿತ್ತು ಅಂತ ನಂಗೇ ಮರೀತಾ ಬಂತು."

ನನ್ನ ಬಳಿ ಅವಳು ಬಾಯಿಬಿಟ್ಟು ಕೇಳಿದ ವಸ್ತು ಅದೊಂದೇ.

ನಾನು ನರಸಿಂಹರಾಜಪುರಕ್ಕೆ ಹೋದೆ. ಮಾವ ಜಗಲಿಯಲ್ಲಿ ಪೇಪರು ಹರಡಿಕೊಂಡು ಕೂತಿದ್ದರು. ನಮ್ಮ ಮನೆಯ ರೂಢಿಯಲ್ಲಿ ಮಾವನಿಗೆ ಬಹುವಚನ, ಅವರಿಗಿಂತ ಹಿರಿಯಳಾದ ದೊಡ್ಡಮ್ಮನಿಗೆ ಏಕವಚನ. ಅದು ಸಲಿಗೆಯ ಏಕವಚನ ಎಂದು ನನಗೆ ಹೇಳಿಕೊಟ್ಟಿದ್ದಾರೆ.

"ಎಂತಕ್ಕೆ ಕೂಸೇ ಅದು? ಟೇಪೇ ಹಾಳಾಗ್ಯದೆ" ಅಂದರು.

"ದೊಡ್ಡಮ್ಮನ ಹಾಡು ಇದೆಯಂತಲ್ಲ ಮಾವ."

"ಇದ್ದಿದ್ದು ಹೌದು. ಈಗ ಹಾಕಿದ್ರೆ ಗರಗರ. ಅಕ್ಕನ ಗಂಟಲೂ ಹಂಗೇ, ಮಿಶಿನ್ನಿನ ಗಂಟಲೂ ಹಂಗೇ. ಎರಡೂ ಒಂದೇ ಕಾಲದ ಮಾಲು ಅಲ್ಲನ."

ಒಳಗಿನಿಂದ ಅತ್ತೆ ನಕ್ಕಿದ್ದು ಕೇಳಿತು. ನಾನು ನಗಲಿಲ್ಲ. ನಾನು ದನಿ ಏರಿಸುವವಳೂ ಅಲ್ಲ. ನಮ್ಮವರು ಅದನ್ನು ಒಳ್ಳೆಯ ಗುಣ ಎಂದು ಹೊಗಳುತ್ತಾರೆ, ಅದರಿಂದ ಅವರಿಗೆಷ್ಟು ಅನುಕೂಲ ಎಂದು ಹೇಳುವುದಿಲ್ಲ. ಯಂತ್ರವನ್ನೂ ಸ್ಪೂಲುಗಳನ್ನೂ ಕೊಡಿ, ನೋಡುತ್ತೇನೆ ಅಂದೆ. ಮಾವ ತುಂಬ ಹೊತ್ತು ಹಿಂದೆಮುಂದೆ ನೋಡಿ ಕೊಟ್ಟರು.

"ಹುಷಾರು ಮಾರಾಯ್ತಿ. ಅಪ್ಪಯ್ಯನ ವಸ್ತು. ಇಷ್ಟು ವರ್ಷ ಒಬ್ರಿಗೂ ಮುಟ್ಟಕೆ ಬಿಟ್ಟವನಲ್ಲ ನಾನು. ಅಪ್ಪಯ್ಯನ ತಾಳಮದ್ದಳೆ ಕೇಳೋ ಹಂಗೇನಾದ್ರೂ ಆದ್ರೆ ಫೋನ್ ಮಾಡು, ಬತ್ತೆ."

ದೊಡ್ಡಮ್ಮನ ಹಾಡಿನ ಮಾತೇ ಬರಲಿಲ್ಲ.

ಮೊದಲು ಶೃಂಗೇರಿಗೆ ಒಯ್ದೆ. ಅಲ್ಲಿ ಹಳೆಯ ರೇಡಿಯೋ, ಆಂಪ್ಲಿಫಯರ್ ರಿಪೇರಿ ಮಾಡುವವರೊಬ್ಬರಿದ್ದಾರೆ ಎಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರ್ ಬಂದು, "ಎಂತ ಮೇಡಮ್, ಹೊಲಿಗೆ ಮಿಶಿನ್ನಾ?" ಅಂದ. ಟೇಪ್ ರೆಕಾರ್ಡರ್ ಅಂದೆ. "ಅದಕ್ಕೆ ಇಷ್ಟು ದೊಡ್ಡದ? ಫೋನಿಲ್ವಾ ನಿಮ್ಮತ್ರ?" ಅಂದು ಮುಂದೆ ಹೋದ.

ಅಂಗಡಿಯವನು ಮುಚ್ಚಳ ತೆಗೆದು, ಸ್ಪೂಲನ್ನು ಬೆರಳಿನಿಂದ ತಿರುಗಿಸಿ, ಒಂದು ಸಲ ಆನ್ ಮಾಡಿ ಚರಪರ ಕೇಳುತ್ತಲೇ ಆಫ್ ಮಾಡಿದ. "ಸ್ಟ್ಯಾಟಿಕ್ ಮೇಡಮ್. ಏಜ್ ಆಯ್ತಲ್ಲ. ವಯಸ್ಸಾದ್ರೆ ಗಂಟಲು ಹೋಗೋದೇ."

"ಎಲ್ಲಿಂದ ಬರ್ತಿದೆ ಆ ಸದ್ದು?"

"ಒಳಗಿಂದ."

"ಒಳಗೆ ಎಲ್ಲಿಂದ?"

ಅವನು ನನ್ನ ಮುಖ ನೋಡಿದ. "ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ ಮೇಡಮ್, ಅವ್ರಿಗೆ ಹೇಳ್ತೇನೆ. ಇಲ್ಲದಿದ್ರೆ ಒಂದು ಕೆಲಸ ಮಾಡಿ. ಒಳಗಿಂದೆಲ್ಲ ಕಿತ್ತು ಹಾಕಿ ಬ್ಲೂಟೂತ್ ಬೋರ್ಡ್ ಕೂರಿಸಿ ಕೊಡ್ತೇನೆ. ಮೇಲಿಂದ ನೋಡಿದ್ರೆ ಇದೇ ಪೆಟ್ಟಿಗೆ. ಶೋಕೇಸಲ್ಲಿ ಇಟ್ರೆ ಭಾರಿ ಚಂದ. ಈಗ ಹೋಮ್‌ಸ್ಟೇಯವರೆಲ್ಲ ಇದನ್ನೇ ಕೇಳೋದು."

ಸ್ಪೂಲು ತಿರುಗುತ್ತದಾ ಎಂದು ಕೇಳಿದೆ, ನನ್ನ ದನಿ ಎಷ್ಟು ಸಮಾಧಾನವಾಗಿತ್ತೆಂದರೆ ಅವನಿಗೆ ವ್ಯಾಪಾರ ಕುದುರಿದ ಹಾಗೆ ಅನ್ನಿಸಿತು. "ಬೇಕಾದ್ರೆ ಲೈಟ್ ಹಾಕಿ ತಿರುಗೋ ಹಂಗೆ ಮಾಡಬಹುದು" ಅಂದ. ನಾನು ಮುಚ್ಚಳ ಹಾಕಿ, ಬೆಲ್ಟ್ ಬಿಗಿಮಾಡಿ ಎತ್ತಿಕೊಂಡು ಹೊರಗೆ ಬಂದೆ. ಕೊಪ್ಪ ಮುಟ್ಟುವ ತನಕ ಆ ಬ್ಲೂಟೂತ್ ಬೋರ್ಡಿಗೆ ನಾನು ಮನಸ್ಸಿನಲ್ಲೇ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮನೆಗೆ ಬಂದ ಮೇಲೆ ಅನ್ನಿಸಿತು, ನಾನು ವಿದ್ಯಾರ್ಥಿಗಳಿಗೆ ಹೇಳುವುದನ್ನೇ ಮಾಡಬೇಕು: ಒಂದೊಂದನ್ನೇ ತೆಗೆದು ನೋಡಿ. ಮೊದಲು ಫ್ರಿಜ್ ಆಫ್ ಮಾಡಿದೆ, ಎಲ್‌ಇಡಿ ಬಲ್ಬು ಆರಿಸಿದೆ. ಚರಪರ ಹಾಗೆಯೇ ಇತ್ತು. ಆಮೇಲೆ ಪ್ಲಗ್ ಬದಲಿಸಿದೆ. ನನ್ನ ಕೋಣೆಯ ಪ್ಲಗ್ಗಿಗೆ ತೂತು ಮೂರಿದ್ದರೂ ಅರ್ಥಿಂಗ್ ತಂತಿ ಎಳೆದಿರಲಿಲ್ಲ. ಅಡಿಗೆಮನೆಯಲ್ಲಿ ಗ್ರೈಂಡರಿಗೆಂದು ಮಾಡಿಸಿದ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇತ್ತು. ಯಂತ್ರವನ್ನು ಅಲ್ಲಿಗೆ ಹಾಕಿದ ಕೂಡಲೇ ಗುಂಯ್ ಎನ್ನುವುದು ಬಹುಪಾಲು ಅಡಗಿತು. ದೊಡ್ಡಮ್ಮ ಒಲೆಯ ಹತ್ತಿರದಿಂದ ತಿರುಗಿ ನೋಡಿ ಹುಬ್ಬು ಹಾರಿಸಿದಳು.

ನಂತರ ಸ್ಪೂಲುಗಳನ್ನು ತೆಗೆದುಬಿಟ್ಟೆ. ಟೇಪಿಲ್ಲದ ಬರೀ ಯಂತ್ರವನ್ನು ಆನ್ ಮಾಡಿದೆ.

ಚರಪರ. ಮೊದಲಿನಷ್ಟೇ ಜೋರು.

ನಾನು ಅಲ್ಲೇ ಮಣೆಯ ಮೇಲೆ ಕೂತೆ. ಟೇಪೇ ಇಲ್ಲದಿದ್ದರೂ ಸದ್ದು ಬರುತ್ತದೆ ಅಂದ ಮೇಲೆ ಸದ್ದು ಟೇಪಿನದಲ್ಲ. ಹಾಡಿಗೆ ಏನೂ ಆಗಿಲ್ಲದೆ ಇರಬಹುದು. ಇದು ತಿಳಿಯಲು ಭೌತಶಾಸ್ತ್ರ ಬೇಡ. ಸ್ಪೂಲು ಎತ್ತಿ ಪಕ್ಕಕ್ಕಿಡುವ ಎರಡು ಕೈ ಸಾಕು. ಆ ಮನೆಯಲ್ಲಿ ಅಷ್ಟು ಕೈಗಳಿದ್ದವು, ಒಂದೂ ಆ ಕೆಲಸ ಮಾಡಲಿಲ್ಲ. ಟೇಪು ಹಾಳು, ದನಿ ಹಾಳು, ಮುಗಿಯಿತು. ದೊಡ್ಡಮ್ಮನೂ ಅದನ್ನು ನಂಬಿಕೊಂಡು ಬದುಕಿದಳು.

"ಎಂತಾಯ್ತೇ?" ಅಂದಳು.

"ನಿನ್ನ ಟೇಪು ಹಾಳಾಗಿಲ್ಲ ಅನ್ನಿಸ್ತದೆ."

ಅವಳು ಒಲೆ ಸಣ್ಣ ಮಾಡಿ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

ವಾಲ್ಯೂಮ್ ನಾಬನ್ನು ಮೆಲ್ಲಗೆ ತಿರುಗಿಸಿದೆ. ಚರಪರ ಎನ್ನುವುದು ನಾಬಿನ ಜೊತೆಗೇ ಎದ್ದು ಬಿತ್ತು. ರೆಕಾರ್ಡಿನಿಂದ ಪ್ಲೇಗೆ ಬದಲಿಸುವ ಸ್ವಿಚ್ಚನ್ನು ಅಲ್ಲಾಡಿಸಿದರೂ ಹಾಗೆಯೇ. ಅಂದರೆ ಆ ಎರಡರ ಒಳಗೆ ಏನೋ ಸೇರಿದೆ. ಪ್ಲಗ್ ಕಿತ್ತು, ಒಳಗಿನ ಕರೆಂಟು ಇಳಿಯಲು ಬಿಟ್ಟು, ಸ್ಕ್ರೂ ಬಿಚ್ಚಿ ಮೇಲಿನ ತಗಡನ್ನು ಎತ್ತಿದೆ.

ಒಳಗೆ ಕೆಂಪಗಿತ್ತು.

ತುಕ್ಕು ಎಂದುಕೊಂಡೆ. ಬೆರಳಿಗೆ ಹತ್ತಿದ್ದನ್ನು ಮೂಗಿನ ಹತ್ತಿರ ತಂದ ಮೇಲೆ ಗೊತ್ತಾಯಿತು. ಕುಂಕುಮ. ನಾಬಿನ ದಂಡದ ಸುತ್ತ, ಸ್ವಿಚ್ಚಿನ ಹಿತ್ತಾಳೆ ಪಟ್ಟಿಗಳ ಸಂದಿನಲ್ಲಿ, ಟೇಪು ತಾಗಿ ಹೋಗುವ ಹೆಡ್ಡಿನ ಮೇಲೆ ತೆಳ್ಳನೆಯ ಪದರವಾಗಿ. ಮೋಟರಿನ ಬುಡದಲ್ಲಿ ಅಕ್ಷತೆಯ ಕಾಳು, ಗಾಳಿಯಾಡುವ ಕಿಂಡಿಯಿಂದ ಬಿದ್ದ ಸೇವಂತಿಗೆಯ ಎಸಳು, ಒಣಗಿ ಸುಣ್ಣದ ಹಾಗಾದ ಗಂಧ.

ವರ್ಷ ವರ್ಷ ಆಯುಧಪೂಜೆಗೆ ಮಾವ ಅದನ್ನು ಹೊರಗೆ ತಂದು ಸ್ಕೂಟರು, ಮದ್ದು ಹೊಡೆಯುವ ಪಂಪು, ಕಳೆ ಕೊಚ್ಚುವ ಮಿಶಿನ್ನುಗಳ ಸಾಲಿನಲ್ಲಿ ಇಡುತ್ತಿದ್ದರು. ಮಿಕ್ಕವಕ್ಕೆ ಒಂದೊಂದು ಬೊಟ್ಟು. ಇದು ಅಪ್ಪಯ್ಯನದ್ದಾದ್ದರಿಂದ ನಾಬು ನಾಬಿಗೂ ಗಂಧ, ಗಂಧದ ಮೇಲೆ ಕುಂಕುಮ, ನೆತ್ತಿಯ ಮೇಲೆ ಹೂವು, ಕೊನೆಗೆ ತೀರ್ಥ. ನಾನೂ ಸಾಲಿನಲ್ಲಿ ನಿಂತು ನಮಸ್ಕಾರ ಮಾಡಿದವಳೇ. ಪೂಜೆಯಾದ ಮೇಲೆ ಸ್ಕೂಟರು ಒಂದು ಸುತ್ತು ಹೋಗಿಬರುತ್ತಿತ್ತು, ಪಂಪು ತೋಟಕ್ಕೆ ಹೋಗುತ್ತಿತ್ತು. ಇದನ್ನು ಮಾತ್ರ ಬಟ್ಟೆ ಸುತ್ತಿ ಮತ್ತೆ ಒಳಗಿಡುತ್ತಿದ್ದರು. ಕುಂಕುಮ ಅಂದರೆ ಅರಿಸಿನಕ್ಕೆ ಸುಣ್ಣ ಬೆರೆತ ಪುಡಿ. ನಮ್ಮ ಕಡೆಯ ಥಂಡಿಗೆ ಅದು ನೀರು ಹೀರಿ ಒಳಗೊಳಗೇ ಹಿತ್ತಾಳೆಯನ್ನು ತಿಂದು ಹಸಿರು ಕಿಲುಬು ಹಿಡಿಸಿತ್ತು. ದಿನಾ ತಿರುಗಿಸುವ ನಾಬಿನ ಕೊಳೆ ತಿರುಗಿಸುವುದರಿಂದಲೇ ಅಷ್ಟಿಷ್ಟು ಹೋಗುತ್ತದೆ. ಇದನ್ನು ತಿರುಗಿಸಿದವರಿಲ್ಲ.

ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡು ತೊಳೆಯಲು ಬಳಸುವ ಸ್ಪಿರಿಟ್ ಒಂದು ಸಣ್ಣ ಬಾಟಲಿ ತಂದೆ. ಸಂದಿಗೆ ಇಳಿಯುವ ಬ್ರಷ್ ಸಿಗಲಿಲ್ಲ. ದೊಡ್ಡಮ್ಮ ನೋಡಿ, ಒಳಗಿಂದ ಹತ್ತಿಯ ಉಂಡೆಯನ್ನೂ ತೆಂಗಿನ ಹಿಡಿಕಡ್ಡಿಗಳನ್ನೂ ತಂದಳು. ಬತ್ತಿ ಹೊಸೆದ ಕೈ. ಹತ್ತಿಯ ಎಳೆಯನ್ನು ಕಡ್ಡಿಯ ತುದಿಗೆ ಸುತ್ತಿ ಬೆರಳಿನಲ್ಲಿ ಒಂದು ಹೊಸೆತ ಹೊಸೆದರೆ ಎಳೆದರೂ ಬಿಚ್ಚದ ಕುಂಚ. ಅವಳು ಹೊಸೆದು ಕೊಟ್ಟಳು, ನಾನು ಅದ್ದಿ ಒರೆಸಿದೆ. ಒರೆಸಿದ ಕಡ್ಡಿಗಳು ಕೆಂಪಾಗಿ ಪೇಪರಿನ ಮೇಲೆ ರಾಶಿಯಾದವು.

ಅವಳು ಅದರಲ್ಲೊಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿದಳು. "ಅಂತೂ ನನ್ನ ಪಾಲಿಂದೂ ಇದಕ್ಕೇ ಇಟ್ಟಿದಾರೆ" ಅಂದಳು.

ನಗುತ್ತಿದ್ದಳು. ದನಿಯಿಲ್ಲದ ಅವಳ ನಗು, ಹೆಗಲು ಮಾತ್ರ ಅಲ್ಲಾಡುವುದು. ಅವಳ ಹಣೆ ಬೋಳಾಗಿತ್ತು. ನಾನು ಹುಟ್ಟುವ ಮುಂಚಿನಿಂದ ಬೋಳು. ಅರಿಸಿನ ಕುಂಕುಮದ ತಟ್ಟೆ ಅವಳ ಮುಂದೆ ಬಂದಾಗ ಒಂದು ಚೂರೂ ನಿಲ್ಲದೆ ಪಕ್ಕದವರಿಗೆ ದಾಟುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದೇ ಕೈಗಳು ಅದೇ ತಟ್ಟೆಯಿಂದ ಈ ಪೆಟ್ಟಿಗೆಗೆ ಧಾರಾಳವಾಗಿ ಇಟ್ಟಿದ್ದವು. ಅವಳ ಹಣೆಗೆ ಸಲ್ಲದ್ದು ಅವಳ ದನಿಯ ಮೇಲೆ ಬಿದ್ದು ಅದನ್ನೂ ಮುಚ್ಚಿತ್ತು. ನನಗೆ ನಗು ಬರಲಿಲ್ಲ. ಕಡ್ಡಿ ಒತ್ತಿ ಹಿಡಿದದ್ದಕ್ಕೆ ಮುರಿದುಹೋಯಿತು.

"ಮೆಲ್ಲಗೆ ಮಾರಾಯ್ತಿ" ಅಂದು ಇನ್ನೊಂದು ಹೊಸೆದು ಕೊಟ್ಟಳು. "ನೀ ಎಂತಕ್ಕೆ ಸಿಟ್ಟು ಮಾಡ್ತೆ? ಮಿಶಿನ್ನು ಎಂತ ಮಾಡ್ತು ನಿಂಗೆ?"

ಎಲ್ಲ ಒಣಗಿದ ಮೇಲೆ ಮುಚ್ಚಿ ಆನ್ ಮಾಡಿದೆ. ಸುಂಯ್ ಎನ್ನುವುದೊಂದೇ ಉಳಿದಿತ್ತು. ಅದು ಇಂಥ ಯಂತ್ರಗಳ ಹುಟ್ಟುಗುಣ, ಹೋಗುವುದಿಲ್ಲ. ತಾಳಮದ್ದಳೆಯ ಬೇರೊಂದು ಸ್ಪೂಲು ಹಾಕಿ ಸ್ವಲ್ಪ ಕೇಳಿದೆ. ಭಾಗವತರ ಪದ, ಅದರ ಹಿಂದೆ ಯಾರೋ ಕೆಮ್ಮಿದ್ದು ಸಹ ಸ್ಪಷ್ಟವಾಗಿತ್ತು. ದೊಡ್ಡಮ್ಮನ ಸ್ಪೂಲು ಹಾಕಲು ಹೊರಟಾಗ ಅವಳು ನನ್ನ ಕೈ ಹಿಡಿದಳು.

"ತಮ್ಮ ಬರಲಿ. ಅವನೂ ಕೇಳಲಿ."

ಅವಳಿಗೆ ಬೇಕಾದದ್ದನ್ನು ಕೇಳುವುದಕ್ಕೂ ಮಾವನಿಗಾಗಿ ಕಾಯಬೇಕು. ಆದರೂ ಫೋನ್ ಮಾಡಿದೆ. ತಾಳಮದ್ದಳೆ ಕೇಳಿಸ್ತದೆ ಅಂದೆ. ಭಾನುವಾರವೇ ಬಂದರು.

ಬಂದವರು ಕಾಫಿ ಲೋಟ ಹಿಡಿದು, "ಎಂತ ಆಗಿತ್ತು ಅದಕ್ಕೆ?" ಅಂದರು.

"ಒಳಗೆ ಕುಂಕುಮ ಹೋಗಿತ್ತು."

"ಎಂತ ಕುಂಕುಮ?"

"ಆಯುಧಪೂಜೆಗೆ ನೀವು ಇಟ್ಟದ್ದು. ನಾಬಿನ ಒಳಗೆ ಇಳಿದಿತ್ತು."

ಮಾವ ಲೋಟ ಕೆಳಗಿಟ್ಟರು. "ಹಂಗಾದ್ರೆ ಪೂಜೆ ಮಾಡಿದ್ದೂ ತಪ್ಪಾಯ್ತು ಈಗ. ಓದಿದವರ ಹತ್ರ ಮಾತಾಡೋದೇ ಕಷ್ಟ ಮಾರಾಯ್ತಿ. ನಾ ಅಷ್ಟು ಜೋಪಾನ ಮಾಡದಿದ್ರೆ ನಿಂಗೆ ಎಲ್ಲಿ ಸಿಗ್ತಿತ್ತು ಇದು?"

"ಜೋಪಾನ ಮಾಡಿದ್ದು ಹೌದು. ಕೇಳಲಿಲ್ಲ."

"ಕೇಳೋದೆಂತ, ಗರಗರ ಅಂತಿತ್ತಲ್ಲ."

"ಟೇಪು ತೆಗೆದಿಟ್ಟರೂ ಗರಗರ ಅಂತಿತ್ತು ಮಾವ. ಒಂದು ಸಲ ತೆಗೆದು ನೋಡಿದ್ದರೆ ದೊಡ್ಡಮ್ಮ ದನಿ ಇದ್ದಾಗಲೇ ಇದನ್ನ ಕೇಳಬಹುದಿತ್ತು."

ನನ್ನ ದನಿ ಏರಿರಲಿಲ್ಲ. ಆದರೆ ಮಾವ ನನ್ನನ್ನು ಬಿಟ್ಟು ದೊಡ್ಡಮ್ಮನ ಕಡೆ ನೋಡಿದರು, ಸಾಕ್ಷಿಗೆ ಕರೆದ ಹಾಗೆ. ಅವಳು ಯಂತ್ರವನ್ನೇ ನೋಡುತ್ತಿದ್ದಳು. ನಾನು ಪ್ಲೇ ಒತ್ತಿದೆ.

ಮೊದಲು ಏನೋ ಎಳೆದ ಸದ್ದು. ಒಬ್ಬರು ಗಂಟಲು ಸರಿಮಾಡಿಕೊಂಡರು. ಆಮೇಲೆ ಒಬ್ಬ ಹುಡುಗಿ ಹಸೆಗೆ ಕರೆಯುವ ಹಾಡು ಶುರು ಮಾಡಿದಳು. ನಾನು ಸವಿಯಾದ ದನಿ ಎಂದು ಊಹಿಸಿಕೊಂಡಿದ್ದೆ. ಅದು ಗಟ್ಟಿ ದನಿ, ಸ್ವಲ್ಪ ಮೂಗಿನದು, ಯಾರಿಗೂ ಕಾಯದೆ ನೇರ ನಡೆದು ಹೋಗುವಂಥದು. ಬಾಗಿಲ ಹಿಂದೆ ನಿಂತು ಸಾಲು ಹೇಳಿಕೊಡುವವಳ ದನಿ ಅದಾಗಿರಲಿಲ್ಲ. ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ತುಟಿ ಹಾಡಿನ ಜೊತೆಗೆ ಆಡುತ್ತಿತ್ತು.

"ಹಾಂ, ಇದು ಟೆಸ್ಟಿಂಗಿಗೆ ಹಾಡ್ಸಿದ್ದು" ಅಂದರು ಮಾವ. "ಮಿಶಿನ್ನು ತಂದ ದಿನ. ನಂಗೆ ನೆನಪುಂಟು. ಇದು ದಾಟಿಸು ಕೂಸೇ, ಅಪ್ಪಯ್ಯಂದು ಮುಂದೆ ಉಂಟು."

ನಾನು ಕೈ ಅಲ್ಲಾಡಿಸಲಿಲ್ಲ. ಅಷ್ಟರಲ್ಲಿ ಟೇಪಿನೊಳಗಿಂದ, ಹಾಡಿನ ನಡುವೆಯೇ, ಒಂದು ಗಂಡು ದನಿ ಹತ್ತಿರ ಬಂದು ಹೇಳಿತು: "ಸಾಕು ಸಾಕು. ಬರ್ತದೆ." ಹಾಡು ಅಲ್ಲಿಗೆ ನಿಂತಿತು. ಬರ್ತದೆ ಅಂದದ್ದು ಮಿಶಿನ್ನಿಗೆ, ಹಾಡಿಗಲ್ಲ.

"ಅಪ್ಪಯ್ಯ" ಅಂದರು ಮಾವ. ಅವರ ಮುಖ ಅರಳಿತ್ತು, ಕಣ್ಣು ಒದ್ದೆಯಾಗಿತ್ತು. ಅವರ ಪ್ರೀತಿ ಸುಳ್ಳಲ್ಲ, ಅದು ನನಗೆ ಕಾಣುತ್ತಿತ್ತು. ಅದರಿಂದ ನನ್ನ ಸಿಟ್ಟು ಎಳ್ಳಷ್ಟೂ ಇಳಿಯಲಿಲ್ಲ. ಅಪ್ಪ ಸಾಕು ಅಂದದ್ದಕ್ಕೂ ಮಗ ದಾಟಿಸು ಅಂದದ್ದಕ್ಕೂ ನಡುವೆ ದೊಡ್ಡಮ್ಮನ ಇಡೀ ಆಯುಷ್ಯ ಇತ್ತು. ಟೇಪಿನಲ್ಲಿ ಮದ್ದಳೆ ಶುರುವಾಯಿತು.

ದೊಡ್ಡಮ್ಮನ ಕೈ ಮುಂದೆ ಬಂತು. ಅವಳು ಆ ಯಂತ್ರದ ಗುಂಡಿಗಳನ್ನು ಎಂದೂ ಒತ್ತಿದವಳಲ್ಲ. ಇಷ್ಟು ದಿನ ನನ್ನ ಪಕ್ಕ ಕೂತು ನೋಡಿದ್ದಳು. ಸ್ಟಾಪ್ ಒತ್ತಿದಳು. ಹೆಬ್ಬೆರಳನ್ನು ಬಲವಾಗಿ ಊರಿ ರಿವೈಂಡ್ ಒತ್ತಿದಳು. ಸ್ಪೂಲು ಹಿಂದಕ್ಕೆ ತಿರುಗಿತು.

"ಏ, ಅಪ್ಪಯ್ಯಂದು ಈಗ ಬಂತಲ್ಲ" ಅಂದರು ಮಾವ, ಅರ್ಧ ಎದ್ದು. ದೊಡ್ಡಮ್ಮ ಏನೋ ಅಂದಳು. "ಎಂತ ಅಂತಾಳೆ?" ಎಂದು ನನ್ನನ್ನು ಕೇಳಿದರು.

ನನಗೆ ಕೇಳಿಸಿತ್ತು. ಹೇಳಬಹುದಿತ್ತು. "ಹತ್ತಿರ ಹೋಗಿ ಕೇಳಿ ಮಾವ" ಅಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ಅಕ್ಕನ ಕುರ್ಚಿಯ ಹತ್ತಿರ ಹೋಗಿ, ಮಂಡಿಯ ಮೇಲೆ ಕೈ ಊರಿ ಬಗ್ಗಿ, ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದರು.

"ಕೂತ್ಕ" ಅಂದಳು ದೊಡ್ಡಮ್ಮ. "ನಂದು ಕೇಳಾಗಲಿ."

ಮಾವ ಕೂತರು. ಹಾಡು ಮತ್ತೆ ಬಂತು. ಒಂದು ಕಡೆ ದೊಡ್ಡಮ್ಮ ಬೆರಳೆತ್ತಿ, "ಇಲ್ಲಿ ಉಸಿರು ತಪ್ಪಿದೀನಿ ನೋಡು" ಅಂದಳು, ನನಗೆ. "ಸಾಕು ಸಾಕು" ಬಂದ ಕೂಡಲೇ ಸ್ಟಾಪ್ ಒತ್ತಿದಳು. ಮಾವ ಬಸ್ಸಿನ ಮಾತು ತೆಗೆದರು, ಹೊತ್ತಾದರೆ ಸೀಟು ಸಿಗುವುದಿಲ್ಲ ಅಂದರು. ಅವಳು ಮತ್ತೆ ರಿವೈಂಡ್ ಒತ್ತಿದಳು.